ಸೌದೆ ಒಲೆಯ ಚಿಮಣಿಯನ್ನು ತಾವೇ ಕೂರಿಸುವವರು ಚಾವಣಿಯೊಳಗಿನ ಭಾಗವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ

ನಾವು ಕೊಂಡ ಹಳೆಯ ಮನೆಯಲ್ಲಿ ಸೌದೆ ಒಲೆಯೊಂದಿತ್ತು. ಅದರ ಲೋಹದ ಚಿಮಣಿಯನ್ನು ಹಿಂದಿನ ಮಾಲೀಕರು ಕಸುಬುದಾರರ ನೆರವಿಲ್ಲದೆ ಸ್ವತಃ ಕೂರಿಸಿದ್ದರು. ಕೋಣೆಯಲ್ಲಿ ನಿಂತು ನೋಡಿದರೆ ಯಾವ ಕುಂದೂ ಕಾಣುತ್ತಿರಲಿಲ್ಲ; ಕಪ್ಪು ಬಣ್ಣ ಬಳಿದ ಕೊಳವೆ ನೆಟ್ಟಗೆ ಮೇಲೇರಿ ಮರದ ಚಾವಣಿಯೊಳಗೆ ಮರೆಯಾಗುತ್ತಿತ್ತು, ಆ ರಂಧ್ರವನ್ನು ತಗಡಿನ ಬಳೆಯೊಂದು ಚೊಕ್ಕವಾಗಿ ಮುಚ್ಚಿತ್ತು. ಒಂದು ಚಳಿಗಾಲ ಏನೂ ತೊಂದರೆಯಿಲ್ಲದೆ ಕಳೆಯಿತು. ಮರುವರ್ಷ ಒಂದು ಸಂಜೆ ಒಲೆ ಜೋರಾಗಿ ಉರಿಯುತ್ತಿದ್ದಾಗ ಮೇಲಿನಿಂದ ಸುಟ್ಟ ಮರದ ಕಮಟು ವಾಸನೆ ಬರತೊಡಗಿತು. ಒಲೆಯ ಗಾಳಿಕಿಂಡಿಯನ್ನು ಮುಚ್ಚಿ, ಮನೆಯವರೆಲ್ಲ ಹೊರಗೆ ಬಂದು, ಅಗ್ನಿಶಾಮಕ ದಳವನ್ನು ಕರೆಸಿದೆವು.

ಅವರು ಚಾವಣಿಯ ಹಲಗೆಗಳನ್ನು ಕಿತ್ತಾಗ ಕೊಳವೆಯ ಪಕ್ಕದ ಜಂತೆಯ ಅಂಚು ಇದ್ದಿಲಾಗಿತ್ತು. ಬೆರಳು ತಾಗಿಸಿದರೆ ಸಾಕು, ಚೌಕ ಚೌಕವಾಗಿ ಬಿರುಕುಬಿಟ್ಟಿದ್ದ ಕರಿ ಉದುರುತ್ತಿತ್ತು. ಒಳಗೆ ಇನ್ನೂ ಕೆಂಡವಿತ್ತು. ಕೋಣೆಯಲ್ಲಿದ್ದ ಅದೇ ಒಂಟಿ ಪದರದ ಕೊಳವೆಯನ್ನೇ ಚಾವಣಿ ಮತ್ತು ಅಟ್ಟಗಳ ಮೂಲಕ ಹೊರಗಿನವರೆಗೂ ಒಯ್ದಿದ್ದರು. ಕೊಳವೆಗೂ ಮರಕ್ಕೂ ನಡುವೆ ಇದ್ದದ್ದು ಬರೀ ಎರಡು ಬೆರಳಿನ ಜಾಗ, ಆ ಜಾಗಕ್ಕೂ ಗ್ಲಾಸ್ ವೂಲ್ (ಶಾಖ ತಡೆಯಲು ಬಳಸುವ, ಗಾಜಿನ ಎಳೆಗಳ ಹತ್ತಿಯಂಥ ವಸ್ತು) ತುರುಕಿದ್ದರು.

ಗ್ಲಾಸ್ ವೂಲ್ ಸುಲಭವಾಗಿ ಸುಡದ ವಸ್ತುವಾದ್ದರಿಂದ ಅದನ್ನು ತುಂಬಿದರೆ ಮರಕ್ಕೆ ರಕ್ಷಣೆ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಆ ಸಂದು ಖಾಲಿ ಇರಬೇಕಾದದ್ದೇ ಅಲ್ಲಿ ಗಾಳಿ ಆಡಿ ಶಾಖ ಚದುರಲಿ ಎಂದು. ಅದನ್ನು ತುಂಬಿದರೆ ಶಾಖ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಕೂಡಿಕೊಳ್ಳುತ್ತದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಚಿಮಣಿಗಳಿಗೆಂದು ರೂಪಿಸಿರುವ 211ನೇ ಮಾನದಂಡದ ಪ್ರಕಾರ ಒಂಟಿ ಪದರದ ಕೊಳವೆ ಮರದಂಥ ಉರಿಯುವ ವಸ್ತುಗಳಿಂದ 18 ಇಂಚು, ಅಂದರೆ ಸುಮಾರು 46 ಸೆಂಟಿಮೀಟರ್ ದೂರವಿರಬೇಕು. ಅಂಥ ಕೊಳವೆ ಒಲೆಯಿರುವ ಕೋಣೆಯೊಳಗಿನ ಬಳಕೆಗೆ ಮಾತ್ರ. ಚಾವಣಿಯನ್ನು ದಾಟುವ ಕಡೆಯಿಂದ ಮೇಲಕ್ಕೆ ಪದರಗಳ ನಡುವೆ ಶಾಖನಿರೋಧಕ ತುಂಬಿದ, ಕಾರ್ಖಾನೆಯಲ್ಲೇ ತಯಾರಾದ ಚಿಮಣಿ ಬೇಕು. ಅದಕ್ಕೂ ಸಾಮಾನ್ಯವಾಗಿ ಸುತ್ತಲೂ 2 ಇಂಚು ಖಾಲಿ ಜಾಗ ಬಿಡಲೇಬೇಕು.

'ಇಷ್ಟು ವರ್ಷ ಏನೂ ಆಗಿಲ್ಲವಲ್ಲ' ಎಂಬ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಹೊಸ ಮರ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕಾಗುತ್ತದೆ, ನಿಜ. ಆದರೆ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ವರ್ಷಗಟ್ಟಲೆ ಬೆಂದ ಮರ ಒಳಗೊಳಗೇ ಬದಲಾಗಿ ಕರಿಯಾಗುತ್ತ ಹೋಗುತ್ತದೆ, ಮೊದಲು ತಡೆದುಕೊಂಡಿದ್ದ ಶಾಖಕ್ಕೇ ಒಂದು ದಿನ ಹೊತ್ತಿಕೊಳ್ಳಬಲ್ಲದು. ಹಾಗಾಗಿ ತಪ್ಪಾಗಿ ಕೂರಿಸಿದ ಚಿಮಣಿಯನ್ನು ಬಳಸಿದಷ್ಟೂ ಅಪಾಯ ಬೆಳೆಯುತ್ತದೆ.

ಅಟ್ಟದಲ್ಲಿ ಇನ್ನೊಂದು ದೋಷವೂ ಸಿಕ್ಕಿತು. ಕೊಳವೆಯ ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಆಗ ಹೊಗೆ ತಣಿದು ಒಳಗೋಡೆಯಲ್ಲಿ ಕಟ್ಟಿ ಇಳಿಯುವ ಅಂಟು ಮತ್ತೆ ಒಲೆಗೇ ಹೋಗುತ್ತದೆ. ಇಲ್ಲಿ ಅದು ತಲೆಕೆಳಗಾಗಿತ್ತು, ಪ್ರತಿ ಕೀಲಿನಿಂದಲೂ ಡಾಂಬರಿನಂಥ ಕ್ರಿಯೋಸೋಟ್ ಹೊರಗೆ ಒಸರಿ ಕೊಳವೆಯ ಮೈಮೇಲೆ ಗಟ್ಟಿಯಾಗಿತ್ತು. ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗೆ ತಣಿದರೆ ಈ ಅಂಟು ಕಟ್ಟತೊಡಗುತ್ತದೆ, ತಣ್ಣನೆಯ ಅಟ್ಟದಲ್ಲಿ ಒಂಟಿ ಪದರದ ಕೊಳವೆ ಬಲು ಬೇಗ ತಣಿಯುತ್ತದೆ. ಹಸಿ ಸೌದೆ ಉರಿಸಿದರೆ ಅದು ಇನ್ನೂ ಹೆಚ್ಚುತ್ತದೆ. ಆ ಅಂಟಿಗೆ ಬೆಂಕಿ ತಗುಲಿದರೆ ಕೊಳವೆಯೊಳಗಿನ ಶಾಖ 1000 ಡಿಗ್ರಿಯನ್ನೂ ಮೀರಬಹುದು.

ಚಿಮಣಿಯನ್ನು ತಾವೇ ಕೂರಿಸುತ್ತೇವೆ ಎನ್ನುವವರನ್ನು ನಾನು ತಡೆಯಲಾರೆ. ಆದರೆ ಒಂದೇ ತಯಾರಕರ ಭಾಗಗಳನ್ನೇ ಕೊಳ್ಳಿ, ಚಾವಣಿ ದಾಟುವಲ್ಲಿ ಅವರು ಕೊಡುವ ಆಧಾರದ ಪೆಟ್ಟಿಗೆಯನ್ನೇ ಬಳಸಿ, ಒಂಟಿ ಪದರದ ಕೊಳವೆಯ ಕೀಲುಗಳಿಗೆ ಸ್ಕ್ರೂ ಹಾಕಿ. ಸತು ಲೇಪಿಸಿದ ಅಗ್ಗದ ಕೊಳವೆ ಬೇಡ. ಸತು 419 ಡಿಗ್ರಿಗೇ ಕರಗುತ್ತದೆ, ಅದರ ಹೊಗೆ ವಿಷಕಾರಿ. ಕೆಲಸ ಮುಗಿದ ಮೇಲೆ, ಹಲಗೆ ಮುಚ್ಚುವ ಮೊದಲು, ಅರ್ಹರೊಬ್ಬರಿಗೆ ಒಮ್ಮೆ ತೋರಿಸಿ. ಒಲೆಯಿರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನಮ್ಮಂತೆ ಇನ್ನೊಬ್ಬರು ಕೂರಿಸಿದ ಚಿಮಣಿಯಿರುವ ಮನೆಗೆ ಬಂದವರು ಒಲೆ ಹೊತ್ತಿಸುವ ಮೊದಲು ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ ನೋಡಿ. ಮರ ಕಂದು ಬಣ್ಣಕ್ಕೆ ತಿರುಗಿದ್ದರೆ, ಕೀಲುಗಳ ಕೆಳಗೆ ಕಪ್ಪು ಅಂಟಿನ ಗೆರೆಗಳಿದ್ದರೆ, ಕೊಳವೆಯ ಸುತ್ತ ಏನನ್ನಾದರೂ ತುರುಕಿದ್ದರೆ, ಚಿಮಣಿಯನ್ನು ಬಿಚ್ಚಿ ಪರೀಕ್ಷಿಸುವವರೆಗೆ ಆ ಒಲೆಗೆ ಬೆಂಕಿ ಹಾಕಬೇಡಿ.