ಒಬ್ಬರೇ ಓದೋದಾ, ವಿಡಿಯೋ ಕೋರ್ಸಾ, ಗುಂಪಲ್ಲಿ ಕೂತು ಓದೋದಾ: ಬೈಬಲ್ ಮೂಲಕ ಕಥೋಲಿಕ ನಂಬಿಕೆ ತಿಳ್ಕೊಳ್ಳೋಕೆ ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಆರೇಳು ಜನ ಕೂತು ಮುಂದಿನ ಭಾನುವಾರದ ವಾಚನಗಳನ್ನ, ಅಂದ್ರೆ ಆ ದಿನ ಚರ್ಚಲ್ಲಿ ಓದೋ ಬೈಬಲ್ ಭಾಗಗಳನ್ನ, ಓದಿ ಮಾತಾಡೋ ಸಣ್ಣ ಗುಂಪಿಗೆ. ಬೇರೆ ದಾರಿಗಳನ್ನೂ ನಡೆದು ನೋಡಿದೀನಿ, ಎರಡು ಕಡೆ ದುಡ್ಡೂ ಹಾಕಿದೀನಿ, ಅದರಲ್ಲಿ ಒಂದು ಖರೀದಿ ಪೂರ್ತಿ ತಪ್ಪಾಯ್ತು. ಅದರ ಕಥೆನೇ ಮೊದಲು, ಯಾಕಂದ್ರೆ ಬೇರೆಯವರೂ ಇದೇ ತಪ್ಪು ಮಾಡೋದನ್ನ ನೋಡ್ತಾನೇ ಇದೀನಿ.

ನಾನು ಕಥೋಲಿಕ ಮನೆಯಲ್ಲಿ ಹುಟ್ಟಿದವಳಲ್ಲ. ಸ್ನೇಹಿತರೊಬ್ಬರ ತಾಯಿ ತೀರಿಕೊಂಡಾಗ ಚರ್ಚಲ್ಲಿ ನಡೆದ ಬಲಿಪೂಜೆಗೆ (ಮಾಸ್‌ಗೆ) ಹೋಗಿದ್ದೆ, ಮೊದಲನೇ ವಾಚನದಲ್ಲಿ ನೀತಿವಂತರ ಆತ್ಮಗಳು ದೇವರ ಕೈಯಲ್ಲಿವೆ ಅಂತ ಓದಿದ್ರು. ಆ ಸಾಲು ತಲೆಯಿಂದ ಹೋಗ್ಲೇ ಇಲ್ಲ. ಸುಜ್ಞಾನ ಗ್ರಂಥ ಅಂತ ಹೆಸರು ಕಿವಿಗೆ ಬಿದ್ದಿತ್ತು, ಸರಿ ಅಂತ ಆ ವಾರವೇ ಒಂದು ಬೈಬಲ್ ತಗೊಂಡೆ, ಒಳ್ಳೇ ರಟ್ಟು, ಅಕ್ಷರ ದೊಡ್ಡದು, ಹಿಡಿಯೋಕೆ ಹಗುರ. ಜ್ಞಾನೋಕ್ತಿ ಪೂರ್ತಿ ತಿರುವಿದೆ, ಉಪದೇಶಕ ತಿರುವಿದೆ, ಕೀರ್ತನೆಗಳಲ್ಲಿ ಹುಡುಕಿದೆ, ಮೂರು ರಾತ್ರಿ ಕೂತೆ, ಸಾಲು ಸಿಗ್ಲಿಲ್ಲ. ನಾನೇ ತಪ್ಪು ಕೇಳಿಸ್ಕೊಂಡಿದೀನಿ ಅಂದ್ಕೊಂಡು ಬಿಟ್ಟುಬಿಟ್ಟೆ.

ಆಮೇಲೆ ಗುಂಪಿಗೆ ಸೇರಿದ ಮೇಲೆ ಒಂದಿನ ಫಾದರ್, ಮಕ್ಕಬಿಯರ ಎರಡನೇ ಗ್ರಂಥ 12ನೇ ಅಧ್ಯಾಯ ತೆಗೀರಿ ಅಂದ್ರು. ಎಲ್ಲರ ಪುಟ ಸರಸರ ಅಂತ ತಿರುಗ್ತಿದೆ, ನಂದರಲ್ಲಿ ಹಳೆ ಒಡಂಬಡಿಕೆಯ ಕೊನೇ ಪುಸ್ತಕ ಮಲಾಕಿಯ ಮುಗಿದ ತಕ್ಷಣ ನೇರ ಮತ್ತಾಯ, ಮಕ್ಕಬಿಯರ ಗ್ರಂಥ ಎಲ್ಲೂ ಇಲ್ಲ. ಪಕ್ಕದಲ್ಲಿದ್ದ ರಿಟೈರ್ಡ್ ಟೀಚರಮ್ಮ ನನ್ನ ಪರಿವಿಡಿ ನೋಡಿ, "ನಿಮ್ಮದರಲ್ಲಿ 66 ಪುಸ್ತಕ ಇದೆ ಕಣಮ್ಮಾ, ನಮ್ಮದು 73" ಅಂದು ತಮ್ಮ ಬೈಬಲನ್ನ ನಮ್ಮಿಬ್ಬರ ಮಧ್ಯೆ ಇಟ್ರು. ಅವತ್ತು ಗೊತ್ತಾಯ್ತು ನನಗೆ ಆ ಸಾಲು ಯಾಕೆ ಸಿಗ್ಲಿಲ್ಲ ಅಂತ. ಸುಜ್ಞಾನ ಗ್ರಂಥ 3ನೇ ಅಧ್ಯಾಯದ ಮೊದಲನೇ ವಚನ ಅದು, ನಾನು ಕೊಂಡಿದ್ದರಲ್ಲಿ ಆ ಗ್ರಂಥವೇ ಇರಲಿಲ್ಲ.

ವಿಷಯ ಏನಂದ್ರೆ ಹೊಸ ಒಡಂಬಡಿಕೆ ಎರಡರಲ್ಲೂ 27 ಪುಸ್ತಕನೇ, ವ್ಯತ್ಯಾಸ ಹಳೆ ಒಡಂಬಡಿಕೆಯಲ್ಲಿ. ಕಥೋಲಿಕರದ್ದು 46, ಪ್ರೊಟೆಸ್ಟೆಂಟರದ್ದು 39. ತೋಬಿತ, ಯೂದಿತ, ಸುಜ್ಞಾನ ಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥ, ಈ ಏಳು. ಇದರ ಜೊತೆ ಎಸ್ತೇರ ಮತ್ತೆ ದಾನಿಯೇಲದಲ್ಲಿ ಕೆಲವು ಭಾಗ. ಆದಿ ಕ್ರೈಸ್ತರು ಓದ್ತಿದ್ದ ಗ್ರೀಕ್ ಹಳೆ ಒಡಂಬಡಿಕೆಯಲ್ಲಿ ಇವೆಲ್ಲ ಇದ್ದವು, ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕರು ಹೀಬ್ರೂ ಪಟ್ಟಿ ಹಿಡಿದ್ರು, 1546ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಇವೂ ದೇವರ ವಾಕ್ಯವೇ ಅಂತ ಖಡಾಖಂಡಿತ ಹೇಳ್ತು. ಬರೀ ಪಟ್ಟಿಯ ಜಗಳ ಅಲ್ಲ ಇದು, ನಂಬಿಕೆಗೆ ನೇರ ತಾಗುತ್ತೆ. ಆ ಮಕ್ಕಬಿಯರ 12ರಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಬಟ್ಟೆಯೊಳಗೆ ವಿಗ್ರಹದ ತಾಯಿತ ಸಿಗುತ್ತೆ, ಅವರ ಸೇನಾನಾಯಕ ಯೂದ ಮಕ್ಕಬಿ ಅವರನ್ನ ಹಾಗೇ ಬಿಡದೆ ಸುಮಾರು 2000 ಬೆಳ್ಳಿ ದ್ರಾಕ್ಮ ಒಟ್ಟು ಮಾಡಿ ಅವರ ಪಾಪಕ್ಕಾಗಿ ಬಲಿ ಅರ್ಪಿಸೋಕೆ ಜೆರುಸಲೇಮಿಗೆ ಕಳಿಸ್ತಾನೆ. ಸತ್ತವರಿಗಾಗಿ ಪ್ರಾರ್ಥನೆ, ಉತ್ತರಿಸುವ ಸ್ಥಳ (ಸತ್ತ ಮೇಲೆ ಸ್ವರ್ಗಕ್ಕೆ ಮುಂಚೆ ಆತ್ಮ ಶುದ್ಧವಾಗೋ ಹಂತ), ಇದನ್ನೆಲ್ಲ ಕಥೋಲಿಕರು ಮಾತಾಡುವಾಗ ತೋರಿಸೋ ಮುಖ್ಯ ಜಾಗಗಳಲ್ಲಿ ಇದೂ ಒಂದು. ಇದು ಕೈಯಲ್ಲಿಲ್ಲದೆ ಈ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತ್ರೆ, ಇವರು ಸುಮ್ನೆ ಕಟ್ಟಿದಾರೆ ಅನ್ನೋ ತೀರ್ಮಾನಕ್ಕೆ ಬರ್ತೀವಿ, ನಾನೂ ಒಂದಷ್ಟು ದಿನ ಅದೇ ತೀರ್ಮಾನದಲ್ಲಿದ್ದೆ.

ಹಾಗಂತ 66ರ ಬೈಬಲ್ ಕೆಟ್ಟದ್ದು ಅಂತಲ್ಲ, ಅದನ್ನೇ ಓದಿ ದೇವರ ಹತ್ತಿರ ಹೋದೋರು ಎಷ್ಟೋ ಜನ. ಆದ್ರೆ ನಿಮ್ಮ ಪ್ರಶ್ನೆ ಕಥೋಲಿಕರು ಏನು ನಂಬ್ತಾರೆ ಅಂತಿದ್ರೆ ಕೊಳ್ಳೋ ಮುಂಚೆ ಅಲ್ಲೇ ನಿಂತು ಪರಿವಿಡಿ ತೆಗೀರಿ. ತೋಬಿತ ಇದೆಯಾ, ದಾನಿಯೇಲದಲ್ಲಿ 12 ಅಧ್ಯಾಯವಾ 14 ಅಧ್ಯಾಯವಾ, ಇಷ್ಟು ನೋಡಿದ್ರೆ ಸಾಕು. ಪುಸ್ತಕದ ಮೊದಲ ಪುಟಗಳಲ್ಲಿ ಬಿಷಪ್ಪರ ಅನುಮತಿ ಇಂಪ್ರಿಮಾಟುರ್ ಇದ್ರೆ ಇನ್ನೂ ನಿಶ್ಚಿಂತೆ. ಅಡಿಟಿಪ್ಪಣಿ ಇರೋದನ್ನೇ ತಗೊಳ್ಳಿ, ಎರಡನೇ ಸಲ ನಾನು ತಗೊಂಡಿದ್ದು ಅದೇ. ಕೀರ್ತನೆಗಳ ನಂಬರ್ ಒಂದೊಂದು ಕಡೆ ಒಂದೊಂದು ಇರುತ್ತೆ, ಕುರುಬನ ಕೀರ್ತನೆ ಕೆಲವು ಕಡೆ 23, ಕೆಲವು ಕಡೆ 22, ಗಾಬರಿ ಬೇಡ.

ಈಗ ಹೋಲಿಕೆಗೆ ಬರ್ತೀನಿ.

ಒಬ್ಬರೇ ಆದಿಕಾಂಡದಿಂದ ಶುರು ಮಾಡಿ ಓದೋದು: ಯಾಜಕಕಾಂಡದಲ್ಲಿ ನಿಂತುಹೋದೆ, ಎರಡು ಸಲ. ಯಾರೂ ಕಾಯ್ತಾ ಇಲ್ಲ ಅಂದ್ರೆ ನನ್ನ ಕೈಲಿ ಪುಸ್ತಕ ಮುಂದೆ ಹೋಗಲ್ಲ, ಅದು ನನ್ನ ಸ್ವಭಾವ. ಅಪೊಸ್ತಲರ ಕಾರ್ಯಕಲಾಪದಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯ ಓದ್ತಿರ್ತಾನೆ, ಅರ್ಥ ಆಗ್ತಿದೆಯಾ ಅಂತ ಫಿಲಿಪ್ಪ ಕೇಳಿದ್ರೆ ಯಾರಾದ್ರೂ ದಾರಿ ತೋರಿಸದೆ ಹೇಗೆ ಆಗುತ್ತೆ ಅಂತಾನೆ. ಅದನ್ನ ಓದಿದಾಗ ನನ್ನ ಮನಸ್ಸಲ್ಲಿದ್ದದ್ದನ್ನೇ ಹೇಳಿದ ಹಾಗಾಯ್ತು.

ದುಡ್ಡು ಕೊಟ್ಟು ತಗೊಂಡ ವಿಡಿಯೋ ಕೋರ್ಸ್: ಪಾಠ ಚೆನ್ನಾಗಿತ್ತು, ಮ್ಯಾಪು, ಕಾಲಾನುಕ್ರಮ ಎಲ್ಲ ನೀಟಾಗಿತ್ತು, ಆದ್ರೆ ನಡುವೆ ಒಂದು ಸಂಶಯ ಬಂದ್ರೆ ಕೇಳೋಕೆ ಜನ ಇಲ್ಲ. ಪಾಜ್ ಒತ್ತಿ ಕೂತ್ಕೊಂಡ್ರೆ ಸಂಶಯನೂ ಪಾಜ್ ಆಗೇ ಇರುತ್ತೆ.

ಮೊದಲು ಧರ್ಮೋಪದೇಶ ಗ್ರಂಥ (ಕಥೋಲಿಕ ನಂಬಿಕೆಯನ್ನ ವಿವರಿಸೋ ಧರ್ಮಸಭೆಯ ಅಧಿಕೃತ ಪುಸ್ತಕ) ಓದಿ ಅದರಲ್ಲಿ ಕೊಟ್ಟಿರೋ ವಚನಗಳನ್ನ ಬೈಬಲಲ್ಲಿ ನೋಡೋದು: ಇದು ನನಗೆ ಎರಡನೇ ಸ್ಥಾನ. 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದಲ್ಲಿ 2865 ಪ್ಯಾರಾ ಇದೆ, ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ನಡತೆ, ಪ್ರಾರ್ಥನೆ ಅಂತ ನಾಲ್ಕು ಭಾಗ, ಪ್ರತಿ ಪ್ಯಾರಾಕ್ಕೂ ನಂಬರ್ ಇರೋದ್ರಿಂದ ಹುಡುಕೋದು ಬಹಳ ಸುಲಭ. ತೊಂದರೆ ಏನಂದ್ರೆ ಉತ್ತರ ಮೊದಲು ಓದಿ ಆಮೇಲೆ ವಚನಕ್ಕೆ ಹೋಗ್ತೀವಿ, ಆ ವಚನದ ಹಿಂದೆ ಮುಂದೆ ಏನಿದೆ ಅಂತ ನೋಡೋದೇ ಇಲ್ಲ. ಜೊತೆಗಿಟ್ಟುಕೊಳ್ಳೋಕೆ ಇದಕ್ಕಿಂತ ಒಳ್ಳೇದು ಇಲ್ಲ, ಶುರು ಮಾತ್ರ ಇಲ್ಲಿಂದ ಮಾಡಬೇಡಿ.

ಲೆಕ್ತಿಯೊ ದಿವಿನಾ, ಅಂದ್ರೆ ಒಂದೇ ಸಣ್ಣ ಭಾಗ ನಿಧಾನಕ್ಕೆ ಓದಿ ಧ್ಯಾನಿಸಿ ಪ್ರಾರ್ಥಿಸೋದು: ಇದು ಪ್ರಾರ್ಥನೆ, ಪಾಠ ಅಲ್ಲ. ಬಿಡಲ್ಲ ನಾನು ಇದನ್ನ, ಹೋಲಿಕೆಗೆ ಮಾತ್ರ ತರಲ್ಲ.

ದೊಡ್ಡ ತರಗತಿಯೊಂದಕ್ಕೂ ಹೋಗ್ತಿದ್ದೆ. ನಲವತ್ತು ಜನ, ಒಬ್ಬರು ಒಂದು ಗಂಟೆ ಮಾತಾಡ್ತಿದ್ರು, ಕೊನೆಗೆ ಐದು ನಿಮಿಷ ಪ್ರಶ್ನೆ. ಮರಿಯಮ್ಮನವರ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ಅದು ಮುಂದೆ ಬರುತ್ತೆ ಅಂದ್ರು, ಕೋರ್ಸ್ ಮುಗೀತು, ಬರಲಿಲ್ಲ. ಬೇಜಾರಾಯ್ತು.

ಸಣ್ಣ ಗುಂಪು ಯಾಕೆ ಬೇರೆ ಅಂದ್ರೆ, ಏನು ಓದೋದು ಅನ್ನೋ ಚರ್ಚೆನೇ ಇಲ್ಲ. ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ಬರ್ತವೆ, ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ, ಯೊವಾನ್ನರದ್ದು ಹೆಚ್ಚಾಗಿ ತಪಸ್ಸುಕಾಲ (ಈಸ್ಟರ್ ಮುಂಚಿನ ವಾರಗಳು) ಮತ್ತೆ ಪಾಸ್ಕ ಕಾಲದಲ್ಲಿ (ಈಸ್ಟರಿಂದ ಮುಂದಿನ ವಾರಗಳು). ಸಾಧಾರಣ ಕಾಲದಲ್ಲಿ, ಅಂದ್ರೆ ಹಬ್ಬದ ಕಾಲಗಳು ಬಿಟ್ಟು ಉಳಿದ ವಾರಗಳಲ್ಲಿ, ಮೊದಲನೇ ವಾಚನವನ್ನ ಆ ದಿನದ ಶುಭಸಂದೇಶಕ್ಕೆ ಹೊಂದೋ ಹಾಗೇ ಆರಿಸಿರ್ತಾರೆ, ಆ ಕೊಂಡಿ ಹುಡುಕೋದರಲ್ಲೇ ಅರ್ಧ ಕಲಿಕೆ ಆಗಿಬಿಡುತ್ತೆ.

2024 ಬಿ ವರ್ಷವಾಗಿತ್ತು. ಬಿ ವರ್ಷದಲ್ಲಿ ಮಾರ್ಕರನ್ನ ಐದು ಭಾನುವಾರ ಪಕ್ಕಕ್ಕಿಟ್ಟು ಯೊವಾನ್ನರ 6ನೇ ಅಧ್ಯಾಯ ಓದ್ತಾರೆ, ಪರಮಪ್ರಸಾದದ ನಂಬಿಕೆಗೆ, ಅಂದ್ರೆ ಬಲಿಪೂಜೆಯ ರೊಟ್ಟಿ, ದ್ರಾಕ್ಷಾರಸ ನಿಜವಾಗ್ಲೂ ಯೇಸುವಿನ ದೇಹ, ರಕ್ತ ಆಗುತ್ತೆ ಅನ್ನೋದಕ್ಕೆ, ಬುಡ ಅಂತ ಹೇಳೋ ಅಧ್ಯಾಯ. ಮೊದಲ ವಾರ ಎಲೀಷ 20 ಜವೆಗೋಧಿ ರೊಟ್ಟಿಯಲ್ಲಿ 100 ಜನಕ್ಕೆ ಉಣಿಸೋ ಕಥೆ, ಪಕ್ಕದಲ್ಲಿ ಯೇಸು ಐದು ಜವೆಗೋಧಿ ರೊಟ್ಟಿಯಲ್ಲಿ 5000 ಗಂಡಸರಿರೋ ಗುಂಪಿಗೆ ಉಣಿಸೋದು. ಎರಡನೇ ವಾರ ಮನ್ನಾ, ಮರಳುಗಾಡಲ್ಲಿ ಇಸ್ರಯೇಲರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರ. ಹೀಗೆ ಬರ್ತಾ ಬರ್ತಾ ನನ್ನ ಮಾಂಸ ತಿನ್ನಿ ಅನ್ನೋ ಯೇಸುವಿನ ಮಾತಿಗೆ ಬಂದ್ವಿ, ಗುಂಪಲ್ಲಿದ್ದ ಒಬ್ಬ ಹುಡುಗ ನೇರವಾಗಿ ಕೇಳಿಬಿಟ್ಟ, "ಫಾದರ್, ಇದು ಸಾಂಕೇತಿಕ ಅಲ್ವಾ, ನಾನೇ ಬಾಗಿಲು ಅಂತಲೂ ಹೇಳಿದಾರಲ್ಲ?"

ಫಾದರ್ ಉತ್ತರ ಕೊಡ್ಲಿಲ್ಲ, ಮುಂದೆ ಓದಪ್ಪಾ ಅಂದ್ರು. ಹುಡುಗ ಓದ್ದ. ಕೇಳೋಕೆ ಕಷ್ಟವಾದ ಮಾತು ಅಂತ ಶಿಷ್ಯರೇ ಗೊಣಗ್ತಾರೆ, 66ನೇ ವಚನದಲ್ಲಿ ಬಹಳ ಜನ ಬಿಟ್ಟು ಹೋಗ್ತಾರೆ. ನಾನೇ ಬಾಗಿಲು ಅಂದಾಗ ಯಾರೂ ಹೀಗೆ ಬಿಟ್ಟು ಹೋಗ್ಲಿಲ್ಲ. ಇಲ್ಲಿ ಹೋಗ್ತಿರೋರನ್ನ ಯೇಸು ನಿಲ್ಲಿಸಿ, ನೀವು ತಪ್ಪು ತಿಳ್ಕೊಂಡ್ರಿ ಅನ್ನಲ್ಲ, ಹನ್ನೆರಡು ಜನರ ಕಡೆ ತಿರುಗಿ ನೀವೂ ಹೋಗ್ತೀರಾ ಅಂತ ಕೇಳ್ತಾರೆ. ಟೀಚರಮ್ಮ ತಮ್ಮ ಅಡಿಟಿಪ್ಪಣಿ ಓದಿದ್ರು, 54ನೇ ವಚನದಿಂದ ಗ್ರೀಕಿನಲ್ಲಿ ತಿನ್ನು ಅನ್ನೋ ಪದವೇ ಬದಲಾಗುತ್ತಂತೆ, ಅಗಿ ಅನ್ನೋ ಅರ್ಥದ ಇನ್ನೂ ಒರಟು ಪದ ಬರುತ್ತಂತೆ. ಹುಡುಗ ಸುಮ್ನಾಗ್ಲಿಲ್ಲ, 63ರಲ್ಲಿ ಮಾಂಸದಿಂದ ಪ್ರಯೋಜನ ಇಲ್ಲ ಅಂತಿದೆಯಲ್ಲ ಅಂದ. ಅದರ ಮೇಲೆ ಮುಕ್ಕಾಲು ಗಂಟೆ ಮಾತು ನಡೀತು, ಅಲ್ಲಿ ನನ್ನ ಮಾಂಸ ಅಂದಿಲ್ಲ, ಬರೀ ಮಾಂಸ ಅಂದಿದಾರೆ, ದೇವರ ಆತ್ಮ ಇಲ್ಲದೆ ಮನುಷ್ಯನ ಬುದ್ಧಿಗೆ ಇದು ಎಟುಕಲ್ಲ ಅಂತ ಧರ್ಮಸಭೆ ಓದೋದು ಹೀಗೆ ಅಂತ ಫಾದರ್ ಹೇಳಿದ್ರು, ಹುಡುಗ ಪೂರ್ತಿ ಒಪ್ಪದೇ ಮನೆಗೆ ಹೋದ, ಮುಂದಿನ ವಾರ ಮತ್ತೆ ಬಂದ. ಧರ್ಮೋಪದೇಶದ 1336ನೇ ಪ್ಯಾರಾ ಇದೇ ಜಾಗದ ಬಗ್ಗೆ ಅಂತ ಅವತ್ತು ರಾತ್ರಿ ನೋಡಿದೆ. ಅದನ್ನ ನಾನು ಮುಂಚೆನೂ ಓದಿದ್ದೆ, ಆದ್ರೆ ತಲೆಗೆ ಹತ್ತಿರಲಿಲ್ಲ, ಈಗ ಒಂದೊಂದು ಪದನೂ ಗೊತ್ತಾಯ್ತು.

ಕೊನೇ ವಾರದ ಮೊದಲನೇ ವಾಚನ ಯೆಹೋಶುವ 24, ಯಾರನ್ನ ಸೇವಿಸ್ತೀರಿ ಅಂತ ಇವತ್ತೇ ಆರಿಸ್ಕೊಳ್ಳಿ ಅಂತ ಯೆಹೋಶುವ ಜನರನ್ನ ಕೇಳೋದು. ಅದರ ಪಕ್ಕದಲ್ಲೇ ನೀವೂ ಹೋಗ್ತೀರಾ. ಎರಡನ್ನೂ ಒಂದರ ಹಿಂದೆ ಒಂದು ಗಟ್ಟಿಯಾಗಿ ಓದಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ಗುಂಪಲ್ಲಿ ಕಷ್ಟನೂ ಇದೆ. ಒಬ್ಬರೇ ಮಾತಾಡ್ತಾ ಹೋದ್ರೆ ಬೇರೆಯವರ ಸಮಯ ಹೋಗುತ್ತೆ, ನನಗನ್ನಿಸೋದು ಇಷ್ಟೇ ಅಂತ ಎಲ್ಲರೂ ಅನ್ನಿಸಿಕೆಯಲ್ಲೇ ನಿಂತ್ರೆ ಧರ್ಮಸಭೆ ಏನು ಹೇಳುತ್ತೆ ಅನ್ನೋದು ಹಿಂದೆ ಬೀಳುತ್ತೆ. ಅದಕ್ಕೇ ಧರ್ಮೋಪದೇಶ ಗ್ರಂಥ ಮೇಜಿನ ಮೇಲೆ ಇರಲೇಬೇಕು, ಓದಿರೋರು ಒಬ್ಬರಾದ್ರೂ ಇರಬೇಕು. ಎಲ್ಲದಕ್ಕೂ ಒಂದೊಂದು ವಚನ ಸಿಗುತ್ತೆ ಅಂತ ಹೋಗಬೇಡಿ, ಬಾಯಿಮಾತಲ್ಲಿ ಬಂದ ಪರಂಪರೆಯನ್ನೂ ಹಿಡ್ಕೊಳ್ಳಿ ಅಂತ ಪೌಲರು ಥೆಸಲೋನಿಕದವರಿಗೆ ಬರೆದಿದಾರೆ, ಗ್ರಂಥ ಮತ್ತೆ ಪರಂಪರೆ ಎರಡೂ ಸೇರಿ ಒಂದೇ ನಿಧಿ ಅಂತ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ ಹೇಳಿದೆ.

ಹತ್ತಿರ ಗುಂಪಿಲ್ಲ ಅಂದ್ರೆ ಇಬ್ಬರು ಸಾಕು, ಫೋನಲ್ಲಾದ್ರೂ ಸರಿ. ವಾರಕ್ಕೆ ಮೂರು ವಾಚನ, ಒಂದು ಕೀರ್ತನೆ, ಓದೋಕೆ ಇಪ್ಪತ್ತು ನಿಮಿಷ. ನನ್ನ ಹಾಗೆ ಖರ್ಚು ನೋಡ್ಕೊಂಡು ಮಾಡೋರು ಕೋರ್ಸಿಗೆ ಹಾಕೋ ದುಡ್ಡನ್ನ ಟಿಪ್ಪಣಿ ಇರೋ 73 ಪುಸ್ತಕದ ಬೈಬಲಿಗೆ ಹಾಕಿ. ನನ್ನ ಮೊದಲ ಬೈಬಲ್ ಈಗ್ಲೂ ಕಪಾಟಲ್ಲಿದೆ, ಅಕ್ಷರ ದೊಡ್ಡದಾಗಿರೋದ್ರಿಂದ ಶುಭಸಂದೇಶಗಳನ್ನ ಅದರಲ್ಲೇ ಓದ್ತೀನಿ. ಹೊಸದರಲ್ಲಿ ಸುಜ್ಞಾನ ಗ್ರಂಥ 3ರ ಪುಟಕ್ಕೆ ಆ ಸ್ನೇಹಿತರ ತಾಯಿಯ ಫೋಟೋ ಇಟ್ಟಿದೀನಿ.