ವಿಂಡೋಸ್ 7 ಬಿಡೋಕಾಗಲ್ಲ ಅಂದ್ರೆ: ನಾಲ್ಕು ದಾರಿ ನಡೆದು ನೋಡಿದ್ದು

ನನ್ನ ಫಿಲ್ಮ್ ಸ್ಕ್ಯಾನರ್ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ವಿಂಡೋಸ್ 7ಕ್ಕೇ ನಿಂತುಹೋಯಿತು. ಹಾಗಾಗಿ ಆ ಲ್ಯಾಪ್‌ಟಾಪನ್ನು ಕೈಬಿಡುವ ಹಾಗಿಲ್ಲ. ವಿಂಡೋಸ್ 7ಕ್ಕೆ ಎಲ್ಲರಿಗೂ ಸಿಗುತ್ತಿದ್ದ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು. ದುಡ್ಡು ಕೊಟ್ಟು ಹೆಚ್ಚಿನ ಅವಧಿ ಪಡೆದಿದ್ದ ಕಂಪನಿಗಳ ಕಂಪ್ಯೂಟರ್‌ಗಳಿಗೂ 2023ರ ಜನವರಿಯಲ್ಲಿ ಮುಗಿಯಿತು. ಬಳಸಲೇಬೇಕು ಅನ್ನುವವರಿಗೆ ಇರುವ ದಾರಿಗಳನ್ನು ಒಂದೊಂದಾಗಿ ಅದೇ ಲ್ಯಾಪ್‌ಟಾಪಿನಲ್ಲಿ ನೋಡಿದೆ.

ಮೊದಲನೆಯದು ಜಾಸ್ತಿ ಜನ ಹಿಡಿಯುವ ದಾರಿ. ಸಿಸ್ಟಂ ಹಾಗೇ ಇರಲಿ, ಒಳ್ಳೆ ಆಂಟಿವೈರಸ್ ಹಾಕೋಣ, ಬ್ರೌಸರ್ ಹೊಸದಿರಲಿ, ನೆಟ್ ಬಳಸೋಣ ಅನ್ನುವುದು. ಬ್ರೌಸರ್ ಹತ್ತಿರವೇ ಇದು ಎಡವುತ್ತದೆ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಯೇ ಕೊನೆ. ಅದು ಬಂದಿದ್ದು 2023ರ ಜನವರಿಯಲ್ಲಿ. ಫೈರ್‌ಫಾಕ್ಸ್‌ಗೆ 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ) ಕೊನೆ. ಮೊಜಿಲ್ಲಾ ಅದರ ಗಡುವನ್ನು ಮತ್ತೆ ಮತ್ತೆ ಮುಂದೂಡಿ ಭದ್ರತಾ ಅಪ್‌ಡೇಟ್ ಕೊಟ್ಟಿತು. ಹಾಗಾಗಿ ಇವೆರಡರಲ್ಲಿ ಫೈರ್‌ಫಾಕ್ಸೇ ವಾಸಿ.

ಆದರೆ ಬ್ರೌಸರ್ ಎಷ್ಟೇ ಗಟ್ಟಿ ಇದ್ದರೂ ಅದರ ಕೆಳಗಿರುವುದು ಹಳೇ ವಿಂಡೋಸೇ ಅಲ್ವಾ? 'ನಾನು ಸಿಕ್ಕಸಿಕ್ಕ ಲಿಂಕ್ ಒತ್ತಲ್ಲ, ನನಗೇನೂ ಆಗಲ್ಲ' ಅನ್ನುವವರು ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ 2017ರ ರ್ಯಾನ್ಸಮ್‌ವೇರ್ ವಾನಾಕ್ರೈಯನ್ನು ನೆನಪಿಸಿಕೊಳ್ಳಬೇಕು. ಮೇ 12ರಂದು ಶುರುವಾದ ಆ ದಾಳಿ ಹರಡಲು ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳಲು ಇರುವ ಎಸ್‌ಎಂಬಿ ಎಂಬ ಭಾಗದಲ್ಲಿ ಒಂದು ತೂತಿತ್ತು. ಅದರ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸವೇ ನಿಂತುಹೋಯಿತು. ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು. ಆ ತೂತು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡವರು ಉಳಿದರು. ಇನ್ನು ಮುಂದೆ ಅಂಥದ್ದೇ ಒಂದು ಸಿಕ್ಕಿದರೆ ವಿಂಡೋಸ್ 7ಕ್ಕೆ ಪ್ಯಾಚ್ ಬರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಇನ್ನೊಂದು ವಿಷಯ ಇದೆ. ಹೊಸ ವಿಂಡೋಸ್‌ಗೆ ಪ್ರತಿ ತಿಂಗಳು ಪ್ಯಾಚ್ ಬಂದಾಗ ಅದರಲ್ಲಿ ಏನು ಬದಲಾಗಿದೆ ಎಂದು ದಾಳಿಕೋರರೂ ಬಿಡಿಸಿ ನೋಡುತ್ತಾರೆ. ಅದೇ ದೋಷ ಹಳೇ ಆವೃತ್ತಿಯಲ್ಲೂ ಇದ್ದರೆ ಅವರಿಗೆ ದಾರಿ ಸಿಕ್ಕ ಹಾಗೆ. ಆಂಟಿವೈರಸ್ ಗುರುತು ಸಿಕ್ಕ ವೈರಸ್ ಹಿಡಿಯುತ್ತದೆ, ಸಿಸ್ಟಂನ ತೂತು ಮುಚ್ಚುವುದಿಲ್ಲ. ಆದ್ದರಿಂದ ಈ ದಾರಿಗೆ ನನ್ನ ಒಪ್ಪಿಗೆ ಇಲ್ಲ.

ಬೇರೆ ದಾರಿಯೇ ಇಲ್ಲ, ಒಂದಷ್ಟು ದಿನ ಹೀಗೇ ತಳ್ಳಬೇಕು ಅನ್ನುವವರು ಕನಿಷ್ಠ ಇಷ್ಟಾದರೂ ಮಾಡಿ. ನೆಟ್‌ವರ್ಕ್ ಸೇರುವಾಗ ಹೋಮ್, ವರ್ಕ್, ಪಬ್ಲಿಕ್ ಎಂದು ವಿಂಡೋಸ್ ಕೇಳುತ್ತದೆ, ಆಗ ಮನೆಯಲ್ಲೇ ಇದ್ದರೂ ಪಬ್ಲಿಕ್ ಆರಿಸಿ. ಫೈರ್‌ವಾಲ್ ಸೆಟ್ಟಿಂಗ್‌ನಲ್ಲಿ ಒಳಗೆ ಬರುವ ಎಲ್ಲಾ ಸಂಪರ್ಕ ತಡೆಯುವ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಬಿಟ್ಟು ಸಾಮಾನ್ಯ ಖಾತೆ ಬಳಸಿ. ಬ್ಯಾಂಕ್ ಕೆಲಸ, ಮೇಲ್ ಎರಡನ್ನೂ ಇದರಲ್ಲಿ ತೆರೆಯಲೇಬೇಡಿ.

ಎರಡನೆಯ ದಾರಿ ನೆಟ್ ಪೂರ್ತಿ ಕತ್ತರಿಸುವುದು. ವೈಫೈ ಆಫ್ ಮಾಡಿದರೆ ಸಾಲದು, ಯಾರಾದರೂ ಮತ್ತೆ ಆನ್ ಮಾಡಿಬಿಡುತ್ತಾರೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ವೈಫೈ ಮತ್ತು ಲ್ಯಾನ್ ಅಡಾಪ್ಟರ್ ಎರಡನ್ನೂ ಡಿಸೇಬಲ್ ಮಾಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್) ವೈಫೈ ನಿಲ್ಲಿಸಬಹುದು, ಅದು ಇನ್ನೂ ಗಟ್ಟಿ. ಹೀಗೆ ಮಾಡಿದ ಮೇಲೆ ಸ್ಕ್ಯಾನರ್ ನಿರಾಳವಾಗಿ ಓಡಿತು.

ಆದರೆ ಸ್ಕ್ಯಾನ್ ಮಾಡಿದ ಚಿತ್ರ ಹೊರಗೆ ಬರಬೇಕಲ್ಲ, ಅದಕ್ಕೆ ಪೆನ್‌ಡ್ರೈವ್ ಬೇಕು. ಅಪಾಯ ನುಸುಳುವುದು ಅಲ್ಲೇ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್ ಇರಾನಿನ ನಟಾನ್ಜ್ ಅಣು ಘಟಕದ ಯಂತ್ರಗಳನ್ನು ಕೆಡಿಸಿತು. ನೆಟ್ ಇಲ್ಲದ ಕಂಪ್ಯೂಟರ್‌ಗಳಿಗೂ ಪೆನ್‌ಡ್ರೈವ್ ಮೂಲಕ ದಾಟುವ ಹಾಗೆ ಅದನ್ನು ಮಾಡಿದ್ದರು. ಫೈಲ್ ತೆರೆಯುವುದೂ ಬೇಕಿರಲಿಲ್ಲ. ಪೆನ್‌ಡ್ರೈವಿನ ಫೋಲ್ಡರ್ ತೆರೆದು ಐಕಾನ್ ಕಣ್ಣಿಗೆ ಬಿದ್ದರೆ ಸಾಕಿತ್ತು. ಆ ತೂತನ್ನು ಆಮೇಲೆ ಮುಚ್ಚಿದರು ಅನ್ನಿ. ನಾನು ಇಟ್ಟುಕೊಂಡ ನಿಯಮ ಇದು: ಆ ಪೆನ್‌ಡ್ರೈವ್ ಈ ಕೆಲಸಕ್ಕೆ ಮಾತ್ರ, ಫೈಲ್ ಹೊರಗೆ ಹೋಗಬಹುದು, ಒಳಗೆ ಬರುವ ಹಾಗಿಲ್ಲ. ಲ್ಯಾಪ್‌ಟಾಪಿಗೆ ವಾಪಸ್ ಹಾಕುವ ಮೊದಲು ಬೇರೆ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಆಗಬೇಕು. ಸುಭದ್ರ ದಾರಿಯೇ, ಆದರೆ ದಿನಾ ಮಾಡುವವರಿಗೆ ಬೇಸರ ಬರುತ್ತದೆ. ಬೇಸರ ಬಂದಾಗಲೇ ನಿಯಮ ಮುರಿಯುವುದು.

ಮೂರನೆಯದು ಹೊಸ ವಿಂಡೋಸ್. ಇದನ್ನು ಬೇಗ ಮುಗಿಸುತ್ತೇನೆ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಎಸ್‌ಯು ಎಂಬ ಹೆಚ್ಚಿನ ಅವಧಿಯ ಯೋಜನೆಗೆ ಹೆಸರು ಕೊಟ್ಟ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಎಂದು ಮೈಕ್ರೋಸಾಫ್ಟ್ ಹೇಳಿತು. ಈಗಾಗಲೇ 10 ಇರುವವರು ಆ ಯೋಜನೆಯನ್ನು ಬಿಡಬೇಡಿ. 7ರಿಂದ ಈಗ 10ಕ್ಕೆ ಹೋಗುವುದರಲ್ಲಿ ಮಾತ್ರ ಅರ್ಥ ಕಾಣಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿ ಆ ತಪಾಸಣೆ ದಾಟಿಸಬಹುದು. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಮಾತನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ತೀರಾ ಹಳೇ ಪ್ರೊಸೆಸರ್ ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟೇ ಆಗುವುದಿಲ್ಲ. ಎಲ್ಲಾ ಮಾಡಿದರೂ ನನ್ನ ಸ್ಕ್ಯಾನರ್ ಡ್ರೈವರ್ ಅಲ್ಲಿ ಓಡಲಿಲ್ಲ.

ನಾಲ್ಕನೆಯದೇ ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು. ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಸಿಸ್ಟಂ, ಅದರೊಳಗೆ ಕಂಪ್ಯೂಟರಿನಲ್ಲೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಮಾಡುವ ವರ್ಚುವಲ್‌ಬಾಕ್ಸ್, ಅದರೊಳಗೆ ವಿಂಡೋಸ್ 7. ಮಿಂಟನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಇನ್‌ಸ್ಟಾಲ್ ಮಾಡದೆಯೇ. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಸರಿ ಇದೆಯಾ ಎಂದು ಮೊದಲು ಹಾಗೇ ನೋಡಿದೆ. ಸ್ಕ್ಯಾನರನ್ನೂ ಅಲ್ಲೇ ಚುಚ್ಚಿ ನೋಡಿ. ಎಷ್ಟೋ ಹಳೇ ಸ್ಕ್ಯಾನರ್‌ಗಳು ಲಿನಕ್ಸ್‌ನ ಸೇನ್ ಎಂಬ ಡ್ರೈವರ್‌ಗಳಲ್ಲಿ ನೇರವಾಗಿ ಓಡುತ್ತವೆ, ಆಗ ವಿಂಡೋಸ್ ಬೇಕಾಗುವುದೇ ಇಲ್ಲ. ನನ್ನದು ಓಡಲಿಲ್ಲ, ಅದಕ್ಕೇ ವರ್ಚುವಲ್‌ಬಾಕ್ಸ್.

ಮುಖ್ಯ ಕೆಲಸ ಇರುವುದು ವರ್ಚುವಲ್‌ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ. ನೆಟ್‌ವರ್ಕ್ ಪುಟಕ್ಕೆ ಹೋಗಿ 'ಎನೇಬಲ್ ನೆಟ್‌ವರ್ಕ್ ಅಡಾಪ್ಟರ್' ಎಂಬಲ್ಲಿ ಇರುವ ಟಿಕ್ ತೆಗೆಯಿರಿ. ಒಳಗಿನ ವಿಂಡೋಸ್‌ಗೆ ನೆಟ್‌ವರ್ಕ್ ಕಾರ್ಡೇ ಇರುವುದಿಲ್ಲ. ಯುಎಸ್‌ಬಿ ಪುಟದಲ್ಲಿ ಸ್ಕ್ಯಾನರ್ ಹೆಸರು ಒಂದನ್ನೇ ಸೇರಿಸಿ. ಚಿತ್ರ ಹೊರಗೆ ತರಲು ಒಂದೇ ಒಂದು ಶೇರ್ಡ್ ಫೋಲ್ಡರ್ ಕೊಡಿ, ಇಡೀ ಹೋಮ್ ಫೋಲ್ಡರ್ ಕೊಡಬೇಡಿ. ಡ್ರೈವರ್ ಹಾಕಿ ಎಲ್ಲ ಸರಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನಾದರೂ ಕೆಟ್ಟರೆ ಆ ಸ್ಥಿತಿಗೆ ವಾಪಸ್ ಹೋಗಬಹುದು. ಎರಡನೆಯ ದಾರಿಯ ಭದ್ರತೆ ಇದರಲ್ಲೂ ಸಿಕ್ಕಿತು, ಪೆನ್‌ಡ್ರೈವ್ ಗೋಳು ತಪ್ಪಿತು. ಮೇಲ್, ಬ್ರೌಸರ್ ಎಲ್ಲ ಮಿಂಟ್‌ನಲ್ಲಿ ನಡೆಯುತ್ತವೆ, ಅದಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆ.

ತೊಂದರೆಯೂ ಇದೆ. ಮಿಂಟ್ ಒಂದಕ್ಕೇ 2 ಜಿಬಿ ರ್ಯಾಮ್ ಕನಿಷ್ಠ, 4 ಜಿಬಿ ಇದ್ದರೆ ಹಾಯಾಗಿರುತ್ತದೆ. ಒಳಗೆ ವಿಂಡೋಸ್ 7ನ್ನೂ ಓಡಿಸಲು 8 ಜಿಬಿ ಬೇಕೇ ಬೇಕು ಅನ್ನುತ್ತೇನೆ. ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ದೊಡ್ಡ ವ್ಯತ್ಯಾಸ ಆಗುತ್ತದೆ. 3ಡಿ ಕೆಲಸದ ಭಾರೀ ಸಾಫ್ಟ್‌ವೇರ್ ಇದರಲ್ಲಿ ತೆವಳುತ್ತದೆ. ಪ್ಯಾರಲಲ್ ಪೋರ್ಟ್‌ಗೆ ಜೋಡಿಸುವ ಹಳೇ ಉಪಕರಣ ಇದ್ದವರಿಗೂ ಇದನ್ನು ಹೇಳಲಾರೆ.

ನಿಮ್ಮ ಯಂತ್ರದಲ್ಲಿ 4 ಜಿಬಿಗಿಂತ ಹೆಚ್ಚು ರ್ಯಾಮ್ ಹಿಡಿಸುವುದಿಲ್ಲವಾದರೆ ಎರಡನೆಯ ದಾರಿಗೇ ಹೋಗಿ. ನೆಟ್ ಕೆಲಸಕ್ಕೆ ಅಪ್‌ಡೇಟ್ ಬರುತ್ತಿರುವ ಫೋನ್ ಬಳಸಿ. ಯಾವ ದಾರಿ ಹಿಡಿದರೂ ಶುರು ಮಾಡುವ ಮೊದಲು ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಕಿತ್ತು ಪಕ್ಕಕ್ಕಿಡಿ. ಚುಚ್ಚಿಕೊಂಡೇ ಇದ್ದರೆ ರ್ಯಾನ್ಸಮ್‌ವೇರ್ ಅದನ್ನೂ ಬೀಗ ಹಾಕಿಬಿಡುತ್ತದೆ.