ಗೊರಸಿನ ತೊಟ್ಟಿಗೆ ಮೈಲುತುತ್ತ: ಕೊಳ್ಳಬಹುದೇ?

ಖಂಡಿತ ಕೊಳ್ಳಬಹುದು. ಹಸುಗಳನ್ನು ಔಷಧದ ನೀರಿನ ತೊಟ್ಟಿಯಲ್ಲಿ ನಡೆಸಿ ಗೊರಸಿನ ಸಂದು ಕೊಳೆಯದಂತೆ ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಇವತ್ತಿಗೂ ನಂಬಿಕೆಯ ಮಾಲು. ಅಚ್ಚ ನೀಲಿ ಹರಳನ್ನೇ ಆರಿಸಿ. ಹಸಿರು ಛಾಯೆಯಿದ್ದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆತಿರಬಹುದು.

100 ಲೀಟರ್ ನೀರಿಗೆ 5 ಕೆ.ಜಿ. ಸಾಕು. ತಣ್ಣೀರಲ್ಲಿ ಹರಳು ಬೇಗ ಕರಗದೆ ತಳ ಹಿಡಿಯುತ್ತದೆ. ಒಂದು ಬಕೆಟ್ ಬಿಸಿನೀರಲ್ಲಿ ಚೆನ್ನಾಗಿ ಕದಡಿ ತೊಟ್ಟಿಗೆ ಸುರಿಯಿರಿ. ತೊಟ್ಟಿ ಸಿಮೆಂಟಿನದೋ ಪ್ಲಾಸ್ಟಿಕ್ಕಿನದೋ ಇರಲಿ, ತಗಡಿನದಾದರೆ ಈ ನೀರು ಅದನ್ನೇ ತಿಂದುಹಾಕುತ್ತದೆ. ದ್ರಾವಣದ ಆಳ ಕನಿಷ್ಠ 10 ಸೆಂ.ಮೀ. ಇರಬೇಕು. ಸಗಣಿ ಬೆರೆತಷ್ಟೂ ಔಷಧದ ಸತ್ವ ಸಾಯುತ್ತದೆ, ಹಾಗಾಗಿ ಮೊದಲು ಕಾಲು ತೊಳೆಯಿರಿ, ಗಲೀಜಾದ ದ್ರಾವಣ ಬದಲಿಸಿ.

ದೊಡ್ಡ ಕೊರತೆ ಒಂದೇ: ತಾಮ್ರ ಮಣ್ಣಲ್ಲಿ ಉಳಿಯುತ್ತದೆ. ಬಳಸಿದ ನೀರನ್ನು ಕೆರೆಗೆ, ಮೇವಿನ ಹೊಲಕ್ಕೆ ಬಿಡಬೇಡಿ. ಕುರಿಗಳಿಗಂತೂ ಅದು ವಿಷ. ಆಗಲೇ ಕುಂಟುತ್ತಿರುವ ಹಸುವಿಗೆ ಇದು ಮದ್ದಲ್ಲ, ಪಶುವೈದ್ಯರಿಂದ ಗೊರಸು ನೋಡಿಸಿ.